ಟ್ಯಾಂಕಿನ ತಳದಲ್ಲಿ ಪೆಟ್ರೋಲ್ ಜಿನುಗುತ್ತಿದೆ, ವೆಲ್ಡಿಂಗ್ ಮಾಡಿಸಲಾ?

ಪ್ರಶ್ನೆ: ಅಣ್ಣಾ, ನನ್ನ ಬೈಕಿಗೆ ಹದಿನೆಂಟು ವರ್ಷ, ಕಾರ್ಬುರೇಟರ್ ಗಾಡಿ. ಎಂಟು ತಿಂಗಳು ಅರ್ಧ ಟ್ಯಾಂಕ್ ಪೆಟ್ರೋಲಿನಲ್ಲಿ ಸುಮ್ಮನೆ ನಿಂತಿತ್ತು. ಈಗ ಸ್ವಲ್ಪ ದೂರ ಹೋಗಿ ಕೆಮ್ಮಿ ನಿಂತುಬಿಡುತ್ತೆ. ನಿನ್ನೆ ಬಗ್ಗಿ ನೋಡಿದರೆ ಟ್ಯಾಂಕಿನ ತಳದಲ್ಲಿ, ಎಡಗಡೆ ಅಂಚಿಗೆ, ಪೇಂಟ್ ಗುಳ್ಳೆ ಎದ್ದಿತ್ತು. ಉಗುರಲ್ಲಿ ಕೆರೆದೆ ಅಷ್ಟೇ, ಕಂದು ಪುಡಿ ಉದುರಿ ಪೆಟ್ರೋಲ್ ಜಿನುಗೋಕೆ ಶುರುವಾಯ್ತು. ಸದ್ಯಕ್ಕೆ ಸೋಪು ತಿಕ್ಕಿದ್ದೀನಿ. ಪೆಟ್ರೋಲ್ ಇಳಿಸಿ ವೆಲ್ಡಿಂಗಿನ ಒಂದು ಟಾಕಿ ಹೊಡೆಸು ಸಾಕು ಅಂತಾರೆ ಎಲ್ಲರೂ. ಮಾಡಿಸಲಾ?

ಉತ್ತರ (ಮೆಕ್ಯಾನಿಕ್): ಬೇಡ. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಕೆಟ್ಟದ್ದು. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು 1.4ರಿಂದ 7.6 ಶೇಕಡಾ ಬೆರೆತಿದ್ದರೆ ಕಿಡಿ ತಾಗಿದ ಕೂಡಲೇ ಹೊತ್ತಿಕೊಳ್ಳುತ್ತೆ. ಖಾಲಿ ಮಾಡಿದ ಟ್ಯಾಂಕಿನೊಳಗೆ ಅಂಥ ಮಿಶ್ರಣವೇ ಸಿದ್ಧವಾಗಿ ಕೂತಿರುತ್ತೆ. ಒಂದು ಸಲ ನೀರಲ್ಲಿ ಗಲಬರಿಸಿದರೂ ಹೋಗಲ್ಲ, ತುಕ್ಕಿನ ಪದರದಲ್ಲಿ, ಜೋಡಣೆಯ ಸಂದಿಯಲ್ಲಿ ಪೆಟ್ರೋಲ್ ಕೂತು ಬಿಸಿಗೆ ಮತ್ತೆ ಆವಿ ಬಿಡುತ್ತೆ. ತಗಡು ಡೋಲಿನ ಥರ ಊದಿಕೊಂಡ ಟ್ಯಾಂಕ್ ನಾನೇ ಕೈಯಾರೆ ಹಿಡಿದು ನೋಡಿದ್ದೀನಿ. ವೆಲ್ಡರ್ ಉಳಿದದ್ದು ಅವನ ಪುಣ್ಯ.

ತೂತು ಎಡಗಡೆಯೇ ಯಾಕೆ ಬಿತ್ತು ಗೊತ್ತಾ? ಗಾಡಿ ಸೈಡ್ ಸ್ಟ್ಯಾಂಡಿನಲ್ಲಿ ಎಡಕ್ಕೆ ವಾಲಿ ನಿಂತಿರುತ್ತೆ. ಅರ್ಧ ಖಾಲಿ ಟ್ಯಾಂಕಿನೊಳಗಿನ ಗಾಳಿ ರಾತ್ರಿ ತಣ್ಣಗಾದಾಗ ಬೆವರುತ್ತೆ. ಎಥೆನಾಲ್ ಬೆರೆಸಿದ ಪೆಟ್ರೋಲಾದರೆ ಅದೂ ನೀರು ಎಳೆದುಕೊಳ್ಳುತ್ತೆ. ನೀರು ಪೆಟ್ರೋಲಿಗಿಂತ ಭಾರ, ತಳಕ್ಕಿಳಿದು ಆ ಮೂಲೆಯಲ್ಲೇ ತಿಂಗಳುಗಟ್ಟಲೆ ಕೂರುತ್ತೆ. ಅಂದರೆ ತುಕ್ಕು ಒಳಗಿಂದ ತಿಂದಿದೆ. ನಿಮಗೆ ಹೊರಗೆ ಕಂಡದ್ದು ಅದರ ತುದಿ ಮಾತ್ರ.

ಹಾಗಾಗಿ ಎಷ್ಟು ತಗಡು ಉಳಿದಿದೆ ಅಂತ ಮೊದಲು ನೋಡಿ. ಬ್ಯಾಟರಿ ನೆಗೆಟಿವ್ ಬಿಚ್ಚಿ, ಬಯಲಲ್ಲಿ ಪೆಟ್ರೋಲ್ ಇಳಿಸಿ, ಟ್ಯಾಂಕ್ ಕಳಚಿ. ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಿದು ದೂರದ ಒಲೆ ತನಕ ಹೋಗುತ್ತೆ, ಮನೆಯೊಳಗೆ ಈ ಕೆಲಸ ಬೇಡ. ಆಮೇಲೆ ತೂತಿನ ಸುತ್ತ ಹೆಬ್ಬೆರಳಲ್ಲಿ ಒತ್ತಿ. ತಗಡು ಟಿಕ್ ಅಂತ ಒಳಗೆ ಹೋಗಿ ಬಂದರೆ ಆ ಟ್ಯಾಂಕ್ ಮುಗಿದ ಕಥೆ. ಗಟ್ಟಿಯಾಗಿದ್ದು ಒಂದೆರಡು ಸೂಜಿಮೊನೆ ತೂತು ಮಾತ್ರ ಇದ್ದರೆ ಉಳಿಸಬಹುದು.

ಪ್ರಶ್ನೆ: ಉಳಿಸೋದಾದರೆ ಒಳಗಿನ ತುಕ್ಕಿಗೆ ಟಾಯ್ಲೆಟ್ ತೊಳೆಯೋ ಆಸಿಡ್ ಹಾಕಬಹುದಾ?

ಉತ್ತರ: ಅದು ತುಕ್ಕಿನ ಜೊತೆ ಒಳ್ಳೆ ಕಬ್ಬಿಣವನ್ನೂ ತಿನ್ನುತ್ತೆ. ವಿನೆಗರ್ ಅಥವಾ ಸಿಟ್ರಿಕ್ ಆಸಿಡ್ ನೀರು ತುಂಬಿ ಒಂದು ದಿನ ಬಿಡಿ. ತುಕ್ಕು ಜಾಸ್ತಿ ಇದ್ದರೆ ಒಂದು ಹಿಡಿ ನಟ್ಟು ಹಾಕಿ ಕುಲುಕಿ, ಎಷ್ಟು ಹಾಕಿದಿರೋ ಅಷ್ಟೂ ಎಣಿಸಿ ಹೊರಗೆ ತೆಗೆಯಿರಿ! ಮತ್ತೆ ಅಡುಗೆ ಸೋಡಾ ನೀರಲ್ಲಿ ತೊಳೆದು ತಕ್ಷಣ ಒಣಗಿಸಬೇಕು, ಯಾಕೆಂದರೆ ಬರಿಮೈ ಕಬ್ಬಿಣ ನಿಮಿಷಗಳಲ್ಲೇ ಮತ್ತೆ ಕೆಂಪಾಗುತ್ತೆ. ತೂತನ್ನು ಬ್ರೇಜಿಂಗೋ ಸಾಲ್ಡರಿಂಗೋ (ಬೇರೆ ಲೋಹ ಕರಗಿಸಿ ತೂತು ತುಂಬೋದು), ಟ್ಯಾಂಕ್ ಕೆಲಸವನ್ನೇ ಮಾಡುವವರ ಕೈಯಲ್ಲಿ ಮುಚ್ಚಿಸಿ, ಕೊನೆಗೆ ಟ್ಯಾಂಕ್ ಸೀಲರ್, ಅಂದರೆ ಒಳಗೆ ಸುರಿದು ಪದರ ಕಟ್ಟಿಸೋ ದ್ರವ. ಹೊರಗಿಂದ ಎಪಾಕ್ಸಿ ಪುಟ್ಟಿ ಮೆತ್ತೋದು, ನಿಮ್ಮ ಸೋಪಿನ ಥರ, ಗ್ಯಾರೇಜ್ ತನಕ ತಳ್ಳಿಕೊಂಡು ಬರೋದಕ್ಕೆ ಅಷ್ಟೇ.

ಇನ್ನೊಬ್ಬ ಸದಸ್ಯರು: ಸೀಲರ್ ವಿಷಯದಲ್ಲಿ ನಾನು ಮಾಡಿದ ತಪ್ಪು ಹೇಳ್ತೀನಿ. ತುಕ್ಕು ಪೂರ್ತಿ ತೆಗೆಯದೆ, ಒದ್ದೆ ಆರದೆ ಸುರಿದುಬಿಟ್ಟೆ. ಮಾರನೇ ವರ್ಷ ಹಾವಿನ ಪೊರೆ ಥರ ಎದ್ದು ಬಂದು ಪೆಟ್ರೋಲ್ ಕಾಕ್ (ಟ್ಯಾಂಕಿನ ತಳದ ನಲ್ಲಿ) ಕಟ್ಟಿಕೊಂಡಿತು. ಅದನ್ನು ಕಿತ್ತು ತೆಗೆಯೋದು ತುಕ್ಕಿಗಿಂತ ಕಷ್ಟ.

ಉತ್ತರ: ಇದೇ ನಾನು ಹೇಳಬೇಕಿದ್ದದ್ದು, ನೀವೇ ಹೇಳಿದಿರಿ. ಸುರಿಯುವಾಗ ಕಾಕ್ ತೂತಿಗೂ ಮುಚ್ಚಳದ ಬಾಯಿಗೂ ಅಂಟದಂತೆ ನೋಡಿಕೊಳ್ಳಿ. ಡಬ್ಬಿ ಮೇಲೆ ಎಷ್ಟು ದಿನ ಒಣಗಿಸಿ ಅಂತ ಬರೆದಿರುತ್ತೋ ಅಷ್ಟೂ ದಿನ ಕಾಯಿರಿ.

ಪ್ರಶ್ನೆ: ಅಣ್ಣಾ, ಒತ್ತಿ ನೋಡಿದೆ. ಮೂರು ಕಡೆ ಟಿಕ್ ಅಂತು, ಒಂದು ಕಡೆ ಸ್ಕ್ರೂಡ್ರೈವರ್ ಸೀದಾ ಒಳಗೇ ಹೋಯ್ತು. ಸೆಕೆಂಡ್‌ಹ್ಯಾಂಡ್ ಟ್ಯಾಂಕ್ ತಗೊಳ್ಳಲಾ?

ಉತ್ತರ: ತಗೊಳ್ಳಿ, ಆದರೆ ಕಾಕ್ ಬಿಚ್ಚಿಸಿ ಒಳಗೆ ಬೆರಳಾಡಿಸಿ. ಬೆರಳು ಕೆಂಪಾದರೆ ಬಿಟ್ಟು ಬನ್ನಿ. ಹೊಸ ಪೇಂಟ್ ಹೊಳೆಯುತ್ತಿದ್ದರೆ ಇನ್ನೂ ಅನುಮಾನಪಡಿ. ನಿಮ್ಮದು ಕಾರ್ಬುರೇಟರ್ ಗಾಡಿ, ಅದೇ ಮಾಡೆಲ್‌ನ ಫ್ಯುಯೆಲ್ ಇಂಜೆಕ್ಷನ್ ಟ್ಯಾಂಕ್ ನೋಡೋಕೆ ಒಂದೇ ಥರ ಇದ್ದರೂ ತಳದಲ್ಲಿ ಪಂಪಿಗೆ ದೊಡ್ಡ ಬಾಯಿ ಇರುತ್ತೆ, ಅದು ಆಗಲ್ಲ. ಪೈಪು, ಫಿಲ್ಟರ್ ಹೊಸದು ಹಾಕಿ. ಕಾರ್ಬುರೇಟರ್ ಬೌಲ್ ಬಿಚ್ಚಿ ತೊಳೆಯಿರಿ, ಆ ಕೆಮ್ಮಿನ ಮೂಲ ಬಹುಶಃ ಜೆಟ್ಟಿನಲ್ಲಿ (ಪೆಟ್ರೋಲ್ ಹಾಯುವ ಸಣ್ಣ ತೂತು) ಸಿಕ್ಕ ತುಕ್ಕಿನ ಪುಡಿ.

ಹಾಂ, ಹಳೇದನ್ನು ಗುಜರಿಗೆ ಹಾಕುವಾಗ ಪೆಟ್ರೋಲ್ ಟ್ಯಾಂಕ್ ಅಂತ ಬಾಯಿಬಿಟ್ಟು ಹೇಳಿ ಕೊಡಿ. ಅಲ್ಲಿ ಗ್ಯಾಸ್ ಕಟರ್ ಹಿಡಿಯುವವನಿಗೆ ಈ ಚರ್ಚೆ ಗೊತ್ತಿರಲ್ಲ.