ಸಣ್ಣ ಕಾಲೇಜಿನ್ಯಾಗ ಬಿಎ ಹಿಂದೂಸ್ತಾನಿ ಸಂಗೀತ ತಗೋಬೇಕೋ, ಧಾರವಾಡಕ್ಕ ಹೋಗಬೇಕೋ?

ಬನಹಟ್ಟಿ_ಸ್ವರ:

ಎಲ್ಲಾರಿಗೂ ನಮಸ್ಕಾರ್ರಿ. ನಂದು ಪಿಯುಸಿ ಆರ್ಟ್ಸ್ ಮುಗದೈತಿ, ಹಿಂದೂಸ್ತಾನಿ ಗಾಯನದಾಗ ಸೀನಿಯರ್ ಪರೀಕ್ಷಾನೂ ಪಾಸಾಗೇನಿ. ಈಗ ಡಿಗ್ರಿಗೆ ಎಲ್ಲಿ ಸೇರೂದು ಅಂತ ಮನ್ಯಾಗ ದಿನಾ ಇದ ಮಾತು. ಬಸ್ಸಿಗೆ ಹೋಗಿ ಬರೂವಷ್ಟು ಸನೇದಾಗ ಒಂದು ಸಣ್ಣ ಆರ್ಟ್ಸ್ ಕಾಲೇಜ್ ಐತಿ, ಬಿಎ ದಾಗ ಕನ್ನಡ, ಇತಿಹಾಸದ ಜೋಡಿ ಹಿಂದೂಸ್ತಾನಿ ಸಂಗೀತ ತಗೊಳ್ಳಾಕ ಬರತೈತಿ, ಹೆಣ್ಣುಮಕ್ಕಳಿಗೆ ಬಸ್ ಫ್ರೀ ಇರೂದರಿಂದ ಹೋಗಿಬರೂ ಖರ್ಚೂ ಇಲ್ಲ. ಆದ್ರ ಸಂಗೀತಕ್ಕ ಇರೂದು ಒಬ್ಬರ ಸರ್, ತಬಲಾಕ್ಕ ಗೆಸ್ಟ್ ಸರ್ ಬರ್ತಾರಂತ, ಇಡೀ ಕ್ಲಾಸಿನ್ಯಾಗ ಹತ್ತು ಹನ್ನೆರಡು ಮಂದಿ. ಇನ್ನೊಂದ್ ಕಡೆ ನನಗ ಕಲಿಸಿದ ಅಕ್ಕಾರು ಧಾರವಾಡಕ್ಕ ಹೋಗಿ ಬಿಮ್ಯೂಸ್ (ಸಂಗೀತದ್ದ ಡಿಗ್ರಿ) ಮಾಡು ಅಂತಾರ, ಅದಕ್ಕ ಹಾಸ್ಟೆಲ್, ಊಟ, ಫೀ ಎಲ್ಲಾ ಬರತೈತಿ, ಅವ್ವಂತೂ ಮನಿ ಬಿಟ್ಟು ಕಳಸಾಕ ಒಪ್ಪವಲ್ಲಳು.

ಮನ್ಯಾಗ ಪವರ್‌ಲೂಮ್ ಅದಾವ್ರಿ, ಕರೆಂಟ್ ಇರೂತನಕ ಖಟಖಟ ನಿಲ್ಲೂದಿಲ್ಲ, ಹಿಂಗಾಗಿ ನನ್ನ ರಿಯಾಜ್ ಅಂದ್ರ ಬೆಳಿಗ್ಗಿ ಮಗ್ಗ ಹಚ್ಚೂಕಿಂತ ಮೊದಲ, ಇಲ್ಲಾ ಲೈಟ್ ಹೋದಾಗ.

ಇಂಥಾ ಸಣ್ಣ ಕಾಲೇಜಿನ್ಯಾಗ ಓದಿದವ್ರು ಯಾರರ ಇದ್ರ ಖರೇ ಹೇಳ್ರಿ, ಅಲ್ಲಿ ಕಲತು ಸ್ಟೇಜ್ ಮ್ಯಾಲೆ ಹಾಡುವಂಗ ಆಗತೈತೇನು, ಬರೇ ಪರೀಕ್ಷಾಕ್ಕ ಎಷ್ಟು ಬೇಕೋ ಅಷ್ಟ ಕಲಸ್ತಾರೋ? ಮುಂದ ನೌಕರಿ ಏನೈತಿ? ದೊಡ್ಡ ಗಾಯಕಿ ಆಗ್ತೀನಿ ಅನ್ನೂ ಭ್ರಮಾ ನನಗಿಲ್ಲ, ಆದ್ರ ಮಂದಿ ಮುಂದ ಕುಂತು ಒಂದು ತಾಸು ಹಾಡುವಂಗ ಆಗಬೇಕು ಅಂತ ಆಸೆ ಐತಿ.

ಪೇಟಿ_ಮಾಸ್ತರ:

ತಂಗಿ, ನಾ ಇಂಥಾದ ಒಂದು ಕಾಲೇಜಿನ್ಯಾಗ ಓದಿದಾಂವ, ಈಗ ವಸತಿ ಶಾಲ್ಯಾಗ ಸಂಗೀತ ಕಲಸ್ತೀನಿ. ಸ್ಟೇಜ್ ಸಿಗತೈತೋ ಇಲ್ಲೋ ಅಂತ ಚಿಂತಿ ಬ್ಯಾಡ, ಬ್ಯಾಡಂದ್ರೂ ಸಿಗತೈತಿ. ಹತ್ತ ಮಂದಿ ಇದ್ದಲ್ಲಿ ಎಲ್ಲಾ ಕೆಲಸಾ ಎಲ್ಲಾರೂ ಮಾಡಬೇಕಾಗತೈತಿ, ಇವತ್ತ ಹಾಡಿದಾಕಿ ನಾಳಿ ತಂಬೂರಿ ಹಿಡದು ಹಿಂದ ಕುಂದರಬೇಕು, ಪೇಟಿ (ಹಾರ್ಮೋನಿಯಂ) ಬಾರಸಾಂವ ಜ್ವರ ಬಂದು ಮಲಕೊಂಡ್ರ ಪೇಟಿನೂ ನೀನ ಹಿಡೀಬೇಕು. ಅದ ಖರೇ ಕಲಿಕಿ. ಯುವಜನೋತ್ಸವದಾಗ ಗ್ರೂಪ್ ಸಾಂಗಿಗೆ ಆರು ಮಂದಿ ಹಾಡವ್ರು, ಮೂರು ಮಂದಿ ಬಾರಸವ್ರು ಅಂತ ನಿಯಮ ಇರತೈತಿ, ಅಂದ್ರ ನಿಮ್ಮ ಕ್ಲಾಸ್ ಹೆಚ್ಚೂಕಡಿಮಿ ಅಲ್ಲೇ ಮುಗೀತು ನೋಡು! ದೊಡ್ಡ ಸಂಗೀತ ಕಾಲೇಜಿನ್ಯಾಗ ಆದ್ರ ನಿನಗಿಂತ ಚಲೋ ಹಾಡವ್ರು ಸಾಲಾಗಿ ನಿಂತಿರ್ತಾರ, ಮೊದಲನೇ ವರ್ಷ ನಿನ್ನ ಹೆಸರು ಬರೂದ ಕಷ್ಟ.

ಆದ್ರ ಒಂದು ಕಾಟ ಐತಿ, ಅದನ್ನ ಯಾರೂ ಮೊದಲ ಹೇಳೂದಿಲ್ಲ. ಸಂಗೀತ ವಿಭಾಗ ಅಂದ್ರ ಇಡೀ ಕಾಲೇಜಿಗೆ ಪ್ರಾರ್ಥನಾ ಪಾರ್ಟಿ. ಎನ್ಎಸ್ಎಸ್ ಕ್ಯಾಂಪ್ ಉದ್ಘಾಟನಾ ಇರಲಿ, ಕಾಮರ್ಸಿನವ್ರ ಸೆಮಿನಾರ್ ಇರಲಿ, ಬೆಳಿಗ್ಗಿ ಹತ್ತಕ್ಕ ಜವಾನ ಬಂದು ಕರೀತಾನ, ಸ್ವಾಗತಗೀತೆ ಹಾಡ್ರಿ ಅಂತ. ನಾಡಗೀತೆ ಎರಡೂವರಿ ನಿಮಿಷದಾಗ ಮುಗಿಸ್ರಿ ಅಂತ ಸರ್ಕಾರನ 2022 ರಾಗ ಆದೇಶ ಮಾಡೇತಿ, ಅದು ಮುಗದ ಮ್ಯಾಲೂ ಮುಖ್ಯ ಅತಿಥಿ ಬಂದಿರೂದಿಲ್ಲ, ಇನ್ನೊಂದು ಭಾವಗೀತೆ ಹಾಡ್ರಿ ಅಂತ ಪ್ರಿನ್ಸಿಪಾಲರು ಕಣ್ಣಾಗ ಸನ್ನಿ ಮಾಡ್ತಾರ, ಅಷ್ಟರಾಗ ಆ ದಿನದ ಸಂಗೀತ ಪಿರಿಯಡ್ ಹೋಗೇಬಿಟ್ಟಿರತೈತಿ. ಮೈಕ್ ಹೆದರಿಕಿ ಹೋಗತೈತಿ, ಒಪ್ಪತೀನಿ, ಆದ್ರ ಮೂರು ವರ್ಷ ಬರೇ ಸ್ವಾಗತಗೀತೆ ಹಾಡಿದ್ರ ರಾಗ ಎಲ್ಲಿ ಬೆಳೀಬೇಕು?

ತೊರವಿ_ಹಿರಿಯ:

ಪೇಟಿ ಮಾಸ್ತರ ಹೇಳಿದ್ದು ನೂರಕ್ಕ ನೂರು ಖರೆ ಅದ. ನಾ ಡಿಗ್ರಿ ಕಾಲೇಜಿನ್ಯಾಗ ಸಂಗೀತ ಕಲಿಸಿ ನಿವೃತ್ತಿ ಆದಾಂವ, ಹಿಂಗಾಗಿ ನಿನಗ ಒಳಗಿನ ಮಾತು ಹೇಳ್ತೀನಿ ನೋಡವಾ.

ಸೇರೂಕಿಂತ ಮೊದಲ ಆ ಕಾಲೇಜಿಗೆ ಒಂದು ಸಲ ಹೋಗು, ಆಫೀಸಿಗಲ್ಲ, ಸಂಗೀತ ರೂಮಿಗೆ. ತಂಬೂರಿ ಎಲ್ಲಿ ಅದ ಅಂತ ನೋಡು. ಕಪಾಟಿನ ಮ್ಯಾಲೆ ಗವಸು ಹಾಕಿ ಇಟ್ಟು, ಧೂಳ ಕೂತು, ತಂತಿ ಹರದಿದ್ರ ಅಲ್ಲಿ ಪರೀಕ್ಷಾ ಪಾಠ ನಡದದ ಅಂತ ತಿಳಕೋ. ಬಿಜಾಪುರದ ಸುಲ್ತಾನ ಎರಡನೇ ಇಬ್ರಾಹಿಂ ಆದಿಲಶಾಹ ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟು ಮುದ್ದು ಮಾಡ್ತಿದ್ದ, ಸಂಗೀತದ ಹುಚ್ಚಿಗೆ ನಮ್ಮ ತೊರವಿ ಕಡೆ ನವರಸಪುರ ಅಂತ ಒಂದು ಪಟ್ಟಣಾನ ಕಟ್ಟಾಕ ಹಚ್ಚಿದ, ಅಂಥಾ ಸೀಮ್ಯಾಗ ಈಗ ಕಾಲೇಜಿನ ತಂಬೂರಿಗೆ ಒಂದು ಜೋಡಿ ತಂತಿ ತರಸಬೇಕಂದ್ರ ಮೂರು ಸಲ ಅರ್ಜಿ ಬರೀಬೇಕು. ಇರಲಿ.

ಎರಡನೇದು ತಬಲಾ. ಗೆಸ್ಟ್ ಸರ್ ಅಂದ್ಯಲ್ಲ, ಅವರು ವರ್ಷಪೂರ್ತಿ ಬರ್ತಾರೋ ಪ್ರ್ಯಾಕ್ಟಿಕಲ್ ಮುಂದ ಇಟಗೊಂಡು ಹದಿನೈದು ದಿನ ಬರ್ತಾರೋ ಅನ್ನೂದನ್ನ ಸೀನಿಯರ್ ಹುಡುಗ್ಯಾರನ್ನ ಕೇಳು, ಸರ್‌ನ ಕೇಳಬ್ಯಾಡ. ಗೆಸ್ಟ್ ನೇಮಕಾತಿ ಸೆಮಿಸ್ಟರ್ ಅರ್ಧ ಆದಮ್ಯಾಲೆ ಆಗೂದು ನಮ್ಮ ಕಡೆ ಹೊಸದೇನಲ್ಲ. ಠೇಕಾ (ತಬಲಾದ ತಾಳ) ಇಲ್ಲದ ಆರು ತಿಂಗಳು ಖ್ಯಾಲ್ ಕಲತವ್ರು ಆಮ್ಯಾಲೆ ತಬಲಾ ಬಂದ ದಿನ ಸಮ್ (ತಾಳದ ಮೊದಲ ಮಾತ್ರೆ) ಹುಡಕ್ಕೋತ ಕುಂದರ್ತಾರ.

ಮೂರನೇದು ಪಟ್ಟಿ, ಅಂದ್ರ ನಿನ್ನ ಸಾ ಹಿಡಿಯೂ ಶ್ರುತಿ. ಇದನ್ನ ಯಾರೂ ಕೇಳೂದಿಲ್ಲ, ಆದ್ರ ಸಣ್ಣ ಕಾಲೇಜಿನ್ಯಾಗ ಗಂಟಲ ಕೆಡೂದು ಇಲ್ಲೇ. ಹುಡುಗ್ರ ಸಾ ಸಾಮಾನ್ಯ ಪೇಟಿಯ ಕರಿ ಕೀ ಲೆಕ್ಕದಾಗ ಕರಿ ಒಂದು, ಕರಿ ಎರಡರಾಗ ಇರತದ, ಹುಡುಗ್ಯಾರದು ಕರಿ ನಾಕು, ಕರಿ ಐದು. ಒಬ್ಬ ಮಾಸ್ತರ, ಒಂದ ಪೇಟಿ, ಒಂದ ಪಿರಿಯಡ್, ಎಲ್ಲಾರನ್ನೂ ಕೂಡಿಸಿ ಹಾಡಸ್ತಾರ. ಹುಡುಗ್ರ ಪಟ್ಟಿ ಹಿಡದ್ರ ನಿನಗ ತಾರ ಸಪ್ತಕದಾಗ ಚೀರಬೇಕಾಗತದ, ನಿನ್ನ ಪಟ್ಟಿ ಹಿಡದ್ರ ಅವರಿಗೆ ಕೆಳಗ ಮಂದ್ರ ಸಿಗೂದಿಲ್ಲ ಮ್ಯಾಲೆ ದನಿ ಏರೂದಿಲ್ಲ, ನಡುವಿನ ಒಂದು ಪಟ್ಟಿ ಇಟ್ರ ಇಬ್ಬರಿಗೂ ಆಗೂದಿಲ್ಲ. ನಾ ನನ್ನ ಕಾಲಕ್ಕ ವಾರದಾಗ ಎರಡು ದಿನ ಹುಡುಗ್ಯಾರು, ಎರಡು ದಿನ ಹುಡುಗ್ರು ಅಂತ ಪ್ರ್ಯಾಕ್ಟಿಕಲ್ ಬ್ಯಾರೆ ಮಾಡಿದ್ದೆ, ಥಿಯರಿಗೆ ಮಾತ್ರ ಕೂಡಿಸ್ತಿದ್ದೆ. ನಿಮ್ಮ ಸರ್ ಹಂಗ ಮಾಡ್ತಾರೇನು ಕೇಳು. ಮಾಡದಿದ್ರ ಕ್ಲಾಸಿನ್ಯಾಗ ಸಣ್ಣಗ ಹಾಡು, ಮನ್ಯಾಗ ಫೋನಿನ ತಂಬೂರಿ ಆ್ಯಪಿಗೆ ನಿನ್ನ ಪಟ್ಟಿ ಹಚ್ಚಿ ರಿಯಾಜ್ ಮಾಡು. ಮಗ್ಗ ಹಚ್ಚೂಕಿಂತ ಮೊದಲ ಏಳ್ತಿ ಅಂದ್ಯಲ್ಲ, ಖರಜ ಸಾಧನಾಕ್ಕ (ಕೆಳಗಿನ ಸ್ವರದ ಅಭ್ಯಾಸಕ್ಕ) ಅದಕ್ಕಿಂತ ಒಳ್ಳೆ ವ್ಯಾಳ್ಯಾ ಇಲ್ಲ, ಅದನ್ನ ಬಿಡಬ್ಯಾಡ.

ಧಾರವಾಡದ ವಿಷಯಕ್ಕ ನಾ ಅಡ್ಡ ಬರೂದಿಲ್ಲ. ಆದ್ರ ಒಂದು ತಿಳಕೋ, ಸೆಮಿಸ್ಟರಿಗೆ ಇಷ್ಟು ರಾಗ ಅಂತ ಸಿಲೆಬಸ್ ಎಲ್ಲಾ ಕಡೆ ಓಡತದ, ದೊಡ್ಡ ಕಾಲೇಜ್ ಆದ್ರೂ ಅಷ್ಟ. ಯಮನ್ ರಾಗ ಒಂದನ್ನ ವರ್ಷಗಟ್ಲೆ ಕುಂದರಸಿ ಹೇಳಿಕೊಡೂದು ಗುರು ಮನ್ಯಾಗ. ನಿನಗ ಕಲಿಸಿದ ಅಕ್ಕಾರ ಕಡೆ ಹೋಗೂದು ನಿಲ್ಲಸಬ್ಯಾಡ. ಕಾಲೇಜ್ ಎಲ್ಲೇ ಆಗಲಿ, ಅಕ್ಕಾರು ಬೇಕ ಬೇಕು.

ಠೇಕಾ_ಬೆಳಗಾವಿ:

ನಾ ತಬಲಾ ಬಾರಸಾಂವ, ಯುವಜನೋತ್ಸವದಾಗ ಸಾಥ್ ಮಾಡಿ ಮಾಡಿ ಸಾಕಾಗೇತಿ, ಅದಕ್ಕ ಒಂದ ಮಾತು. ಕ್ಲಾಸಿಕಲ್ ಸೋಲೋಕ್ಕ ಹತ್ತು ನಿಮಿಷ ಕೊಡ್ತಾರ. ಹುಡುಗೋರು ಬಂದು ಅತಿವಿಲಂಬಿತ, ಅಂದ್ರ ಭಾಳ ನಿಧಾನದ ಏಕತಾಲ ಹಿಡೀತಾರ, ಒಂದು ಆವರ್ತನಕ್ಕ ಮುಕ್ಕಾಲು ನಿಮಿಷ ಹೋಗತೈತಿ, ಅಸ್ಥಾಯಿ ಅಂತರಾ ಆಗೂದರಾಗ ಬಜರ್ ಹೊಡೀತಾರ, ಆಮ್ಯಾಲೆ ಗಾಬ್ರಿ ಆಗಿ ತಾನ್ ಎಲ್ಲಾ ಒಂದ ಉಸಿರಿನ್ಯಾಗ. ಹತ್ತು ನಿಮಿಷಕ್ಕ ಮಧ್ಯಲಯ ಝಪತಾಲದಾಗ ಒಂದು ಬಂದಿಶ್ (ರಚನಾ), ಆಮ್ಯಾಲೆ ದ್ರುತ್ ತೀನತಾಲ ಸಣ್ಣದೊಂದು, ಸಾಕ್ರಿ. ಮಧ್ಯಲಯ ಅಂದ್ರ ಕಡಿಮಿ ಅಂತ ತಿಳಕೊಂಡವ್ರು ನಮ್ಮ ಸುಳೇಭಾವಿಯ ಕುಮಾರ ಗಂಧರ್ವರ ಮಧ್ಯಲಯ ಕೇಳ್ರಿ. ಮತ್ತ ಸುಗಮ ಸಂಗೀತದ ಸ್ಪರ್ಧಾಕ್ಕ ಸಿನಿಮಾ ಹಾಡು ನಡೆಯೂದಿಲ್ಲ, ಪ್ರತಿ ವರ್ಷ ಯಾರರ ಒಬ್ಬರು ಹಾಡಿ ಔಟ್ ಆಗ್ತಾರ.

ಪೇಟಿ ಕಲಿಯೂದು ಚಲೋ, ಸಾಥಿಗೆ. ನಮ್ಮ ಬೆಳಗಾವ್ಯಾಗ ರಾಮಭಾವು ಬಿಜಾಪುರೆ ಅವರು ಪೇಟಿ ಸೋಲೋನ ಎಂಥಾ ಎತ್ತರಕ್ಕ ಒಯ್ದಿದ್ರು ಅಂತ ಗೊತ್ತಿದ್ದವ್ರಿಗೆ ಗೊತ್ತು. ಆದ್ರ ಸ್ವರ ಹಚ್ಚಾಕ ಪೇಟಿ ಮ್ಯಾಲೆ ಪೂರಾ ಭಾರ ಹಾಕಬ್ಯಾಡ, ತೋಡಿ ರಾಗದ ಗಂಧಾರ ಪೇಟ್ಯಾಗ ಸಿಗೂದಿಲ್ಲ. ಆಕಾಶವಾಣಿಯವ್ರು 1940 ರಿಂದ ಸುಮಾರು ಮೂವತ್ತು ವರ್ಷ ಪೇಟಿನ್ನ ಒಳಗ ಬಿಟ್ಟಿದ್ದಿಲ್ಲ, ಅದು ಅತಿರೇಕ ಆತು ಅನ್ನೂದು ಬ್ಯಾರೆ ಮಾತು.

ತಂಬೂರಿ ತಗೊಳ್ಳೂದಿದ್ರ ಬನಹಟ್ಟಿಯಿಂದ ನಿಮಗ ಧಾರವಾಡಕ್ಕಿಂತ ಮಿರಜ ಹತ್ತರ. ಅಲ್ಲಿಯ ಸಿತಾರ, ತಂಬೂರಿಗೆ 2024 ರಾಗ ಜಿಐ ಟ್ಯಾಗೂ ಸಿಕ್ಕೈತಿ. ರಿಪೇರಿ ಮಾಡಿದ ಹಳೇ ತಂಬೂರಿ ಇದ್ರ ಕೇಳ್ರಿ, ಹೊಸದಕ್ಕ ಈಗ ರೊಕ್ಕ ಹಾಕಬ್ಯಾಡ್ರಿ.

ಬನಹಟ್ಟಿ_ಸ್ವರ:

ಎಲ್ಲಾರಿಗೂ ಭಾಳ ಥ್ಯಾಂಕ್ಸ್ ರೀ. ಪಟ್ಟಿ ವಿಷಯ ಹಿರಿಯರು ಹೇಳಿದ್ದು ಓದಿ ಅಕ್ಕಾರಿಗೂ ತೋರಿಸಿದೆ, ಅವರು ನಕ್ಕು ಇದು ಖರೇ ಐತಿ ಅಂದ್ರು. ನಂದು ಕರಿ ನಾಕ ರೀ. ಇನ್ನೊಂದು ಕೇಳತೀನಿ, ಯುವಜನೋತ್ಸವ ವರ್ಷಕ್ಕೊಮ್ಮೆ, ಅದೂ ಹತ್ತು ನಿಮಿಷ, ಸ್ವಾಗತಗೀತೆ ಲೆಕ್ಕಕ್ಕಿಲ್ಲ. ಮತ್ತ ಒಂದು ತಾಸು ಹಾಡೂದು ಎಲ್ಲಿ ಕಲೀಬೇಕು?

ಗೋಕಾಕದಾಕಿ:

ನನ್ನ ಅಕ್ಕನ ಮಗಳು ಅಮೆರಿಕಾದಾಗ ಒಂದು ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜಿನ್ಯಾಗ ಓದಾಕತ್ತಾಳ, ಅಲ್ಲಿ ಬಯಾಲಜಿ ಓದಾವ್ರೂ ಆರ್ಕೆಸ್ಟ್ರಾದಾಗ, ಕಾಯರ್‌ನ್ಯಾಗ ಹಾಡ್ತಾರಂತ, ಅದಕ್ಕ ಮಾರ್ಕ್ಸೂ ಇರತಾವಂತ. ಮ್ಯೂಸಿಕ್ ಮೇಜರ್ ತಗೊಂಡವ್ರು ಕೊನೇ ವರ್ಷ ಒಬ್ಬೊಬ್ಬರ ಒಂದು ಪೂರಾ ಕಛೇರಿ ಕೊಡಬೇಕು, ಸೀನಿಯರ್ ರಿಸೈಟಲ್ ಅಂತಾರ, ಪ್ರೋಗ್ರಾಮ್ ಶೀಟ್ ಬರಿಯೂದರಿಂದ ಹಿಡದು ಸಾಥಿಗೆ ಮಂದಿ ಹುಡಕೂದುತನಕ ಅವರ ಮಾಡಬೇಕು. ಕನೆಕ್ಟಿಕಟ್‌ನ ವೆಸ್ಲಿಯನ್ ಯೂನಿವರ್ಸಿಟ್ಯಾಗಂತೂ 1960 ರ ದಶಕದಿಂದನ ನಮ್ಮ ಕರ್ನಾಟಕ ಸಂಗೀತ, ಮೃದಂಗ ಕಲಸ್ತಾರ. ಅವರ ಕಡೆ ಇರೂವಷ್ಟು ರೊಕ್ಕ, ರೂಮು, ಪಿಯಾನೋ ನಮ್ಮಲ್ಲಿ ಇಲ್ಲ, ಅದನ್ನ ಬಿಡ್ರಿ, ಆದ್ರ ಕೊನೇ ವರ್ಷ ಒಂದು ತಾಸು ಹಾಡಸೂದಕ್ಕ ರೊಕ್ಕ ಏನು ಬೇಕು? ನಮ್ಮ ಕಾಲೇಜಿನವ್ರು ಯಾಕ ಇದನ್ನ ಮಾಡೂದಿಲ್ಲ ಅಂತ ನನಗ ತಿಳಿಯೂದಿಲ್ಲ. ಪ್ರ್ಯಾಕ್ಟಿಕಲ್ ಅಂತ ಪರೀಕ್ಷಕರ ಮುಂದ ಹದಿನೈದು ನಿಮಿಷ, ಯಮನ್ ಆರೋಹ ಅವರೋಹ ಹೇಳು, ಕೇದಾರ ಪಕಡ್ ಹೇಳು, ಮುಗೀತು.

ತೊರವಿ_ಹಿರಿಯ:

ಗೋಕಾಕದ ಬಾಯಾರು ಹೇಳಿದ್ದು ಛಲೋ ಅದ. ಯೂನಿವರ್ಸಿಟಿ ನಿಯಮ ಬದಲಾಗೂತನಕ ಕಾಯಬ್ಯಾಡವಾ. ನಮ್ಮ ಕಡೆ ಮಠದಾಗ ತಿಂಗಳಾ ಶಿವಾನುಭವ ಇರತದ, ಅಮವಾಸಿ ಭಜನಿ ಇರತದ, ಶ್ರಾವಣದಾಗ ಪುರಾಣ ಹಚ್ಚಿದ್ರ ತಿಂಗಳಗಟ್ಲೆ ದಿನಾ ಸಂಜಿಗೆ ಹಾಡವ್ರು ಬೇಕಾಗ್ತಾರ. ಮೊದಲ ಎರಡು ವಚನ ಹಾಡು, ಮಂದಿ ಕೇಳಿಸಿಕೊಂಡ್ರ ವಚನದ ಮೊದಲ ಹತ್ತು ನಿಮಿಷ ಆಲಾಪ ಹಚ್ಚು, ನೋಡ್ಕೋತ ಅರ್ಧ ತಾಸಿಗೆ ಬರ್ತಿ. ಅಲ್ಲಿ ಕುಂತ ಮುದುಕರು ಭಾಳ ಖಡಕ್, ಚಲೋ ಅನಿಸದಿದ್ರ ಎದ್ದು ಹೋಗ್ತಾರ, ಆದ್ರ ಒಮ್ಮೆ ಮನಸಿಗೆ ಹತ್ತಿದ್ರ ಮುಂದಿನ ತಿಂಗಳು ಅವರ ಕರೀತಾರ. ಮಲ್ಲಿಕಾರ್ಜುನ ಮನ್ಸೂರರಂಥವ್ರು ಕಡೀತನಕ ವಚನ ಹಾಡಿದ್ರು, ಅದು ಹಗರ ಕೆಲಸ ಅಂತ ತಿಳೀಬ್ಯಾಡ.

ಕೊನೇ ವರ್ಷಕ್ಕ ಬಂದಾಗ ನಿಮ್ಮ ಸರ್‌ಗೆ ನೀನ ಕೇಳು, ಸಂಜಿಗೆ ಒಂದು ಬೈಠಕ್ ಇಡೂಣ್ರಿ ಅಂತ. ಕಾಲೇಜಿನ ಹಾಲ್ ಬ್ಯಾಡ, ದನಿ ಮರಳಿ ಕಿವಿಗೆ ಬಡೀತದ. ಮಠದ ಪಡಸಾಲಿ ಸಾಕು. ಹನ್ನೊಂದರ ಪಿರಿಯಡ್ಡಿನ್ಯಾಗ ಕಲತ ಯಮನ್ ಸಂಜಿ ಹೊತ್ತಿನ್ಯಾಗ ಹಾಡಿದ್ರ ಹೆಂಗ ಇರತದ ಅಂತ ನಿನಗೂ ಗೊತ್ತಾಗಲಿ.

ಪೇಟಿ_ಮಾಸ್ತರ:

ನೌಕರಿ ಬಗ್ಗೆ ಯಾರೂ ಹೇಳಲಿಲ್ಲ, ನಾ ಹೇಳ್ತೀನಿ. ಬಿಎ ದಾಗ ಕನ್ನಡ, ಇತಿಹಾಸ ಇರೂದರಿಂದ ಬಿಎಡ್ ಹಾದಿ ತೆರದಿರತೈತಿ, ಇದು ಮನ್ಯಾಗ ಹೇಳಾಕ ಚಲೋ ಮಾತು. ಸಂಗೀತದ್ದ ನೌಕರಿ ಅಂದ್ರ ಕೇಂದ್ರೀಯ ವಿದ್ಯಾಲಯ, ನವೋದಯದಾಗ ಮ್ಯೂಸಿಕ್ ಟೀಚರ್ ಪೋಸ್ಟ್ ಕರೀತಾರ, ಆದ್ರ ಕಡಿಮಿ, ಮತ್ತ ಹಿಂದಿ ಇಂಗ್ಲಿಷ್ ಬೇಕು. ಡಿಗ್ರಿ ಜೋಡಿ ಗಂಧರ್ವ ಮಹಾವಿದ್ಯಾಲಯ ಮಂಡಲದ ವಿಶಾರದ ಪರೀಕ್ಷಾ ಕಟ್ಟು, ನವೋದಯದ ಹಿಂದಿನ ನೋಟಿಫಿಕೇಶನ್ನಿನ್ಯಾಗ ಅದರ ಹೆಸರು ಹಾಕಿದ್ರು, ಹೊಸಾದು ಬಂದಾಗ ನೋಡಿಕೋ. ಲೆಕ್ಚರರ್ ಆಗಬೇಕಂದ್ರ ಎಂಎ ಇಲ್ಲಾ ಎಂಮ್ಯೂಸ್ ಆಗಿ ನೆಟ್ ಪರೀಕ್ಷಾ, ಅದರಾಗ ಸಂಗೀತ ಒಂದು ವಿಷಯ ಐತಿ. ಆವಾಗ ಬೇಕಾದ್ರ ಧಾರವಾಡಕ್ಕ ಹೋಗು, ಆಗ ಅವ್ವನೂ ಒಪ್ಪತಾಳ ಅಂತ ನನ್ನ ಅಂದಾಜು.

ಮತ್ತ ಕೇಂದ್ರ ಸಂಸ್ಕೃತಿ ಮಂತ್ರಾಲಯದ ಯುವ ಕಲಾವಿದರ ಸ್ಕಾಲರ್‌ಶಿಪ್ ಐತಿ, 18 ರಿಂದ 25 ವಯಸ್ಸಿನವ್ರಿಗೆ, ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ಅದಕ್ಕ ಗುರುಗಳ ಕಡೆ ಕಡಿಮಿ ಅಂದ್ರೂ 5 ವರ್ಷ ಕಲತಿರಬೇಕು. ಅಕ್ಕಾರ ಕಡೆ ಯಾವಾಗಿಂದ ಕಲೀತಿ ಅಂತ ಒಂದು ಸರ್ಟಿಫಿಕೇಟ್ ಈಗ ಬರಿಸಿ ಇಟಗೋ, ಅರ್ಜಿ ಕರದಾಗ ಓಡ್ಯಾಡೂದು ತಪ್ಪತೈತಿ.

ಬನಹಟ್ಟಿ_ಸ್ವರ:

ಐದು ವರ್ಷ ತುಂಬೈತ್ರಿ ಅಣ್ಣಾರ, ಬರಿಸಿಕೋತೀನಿ. ಅಪ್ಪಾಜಿ ಜೋಡಿ ಕಾಲೇಜಿಗೆ ಹೋಗಿ ತಂಬೂರಿ ನೋಡಿ ಬಂದು ಮತ್ತ ಬರೀತೀನಿ. ಸೀನಿಯರ್ ಹುಡುಗಿ ಒಬ್ಬಾಕಿ ನಂಬರ್ ಸಿಕ್ಕೈತಿ, ತಬಲಾ ಸರ್ ಬಗ್ಗೆ ಆಕಿನ್ನ ಕೇಳ್ತೀನಿ.