ಸಹಾಯ ಬೇಕು: ಮೈನಸ್ ಉತ್ತರವನ್ನು ಯಾವಾಗ ಬಿಡಬೇಕು, ಯಾವಾಗ ನಂಬಬೇಕು?

ಎಲ್ಲರಿಗೂ ನಮಸ್ಕಾರ. ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡುತ್ತೇನೆ. ಒಂದು ವಿಷಯದಲ್ಲಿ ಪೂರ್ತಿ ಸಿಕ್ಕಿಹಾಕಿಕೊಂಡಿದ್ದೇನೆ.

ಮಹಡಿಯಿಂದ ಮೇಲಕ್ಕೆ ಎಸೆದ ಕಲ್ಲು ಎಷ್ಟು ಹೊತ್ತಿಗೆ ನೆಲ ಮುಟ್ಟುತ್ತದೆ ಅಂತ ಲೆಕ್ಕ ಮಾಡಿದರೆ ಎರಡು ಉತ್ತರ ಬರುತ್ತವೆ, ಒಂದು ಪ್ಲಸ್, ಒಂದು ಮೈನಸ್. ಮೈನಸ್ ಸಮಯಕ್ಕೆ ಇಲ್ಲಿ ಅರ್ಥವಿಲ್ಲ ಅಂತ ಬಿಟ್ಟುಬಿಡುತ್ತೇವೆ. ಸರಿ. ಆದರೆ 1928ರಲ್ಲಿ ಭೌತವಿಜ್ಞಾನಿ ಡಿರಾಕ್ ಬರೆದ ಎಲೆಕ್ಟ್ರಾನ್ ಸಮೀಕರಣದಲ್ಲೂ ಮೈನಸ್ ಶಕ್ತಿಯ ಉತ್ತರಗಳು ಬಂದವು, ಅವರು ಬಿಡಲಿಲ್ಲ, 1931ರಲ್ಲಿ ಎಲೆಕ್ಟ್ರಾನಿನಷ್ಟೇ ದ್ರವ್ಯರಾಶಿಯ, ಪ್ಲಸ್ ಚಾರ್ಜಿನ ಕಣ ಇರಬೇಕು ಅಂದರು, ಮರುವರ್ಷವೇ ಕಾಸ್ಮಿಕ್ ಕಿರಣಗಳ ಫೋಟೋದಲ್ಲಿ ಆಂಡರ್ಸನ್ ಎಂಬ ವಿಜ್ಞಾನಿಗೆ ಅದೇ ಕಣ, ಅಂದರೆ ಪಾಸಿಟ್ರಾನ್, ಸಿಕ್ಕಿತು! ಎಂಥ ಅದ್ಭುತ ಅಲ್ವಾ?

ಗೊತ್ತಿರುವವರನ್ನು ಕೇಳಿದೆ. 'ಪ್ರಯೋಗ ತೀರ್ಮಾನ ಮಾಡುತ್ತದೆ ಬಿಡಿ' ಅನ್ನುತ್ತಾರೆ. ಆದರೆ ಡಿರಾಕ್ ಹೇಳಿದ್ದು ಪ್ರಯೋಗಕ್ಕಿಂತ ಮೊದಲು. ಕ್ವಾಂಟಂ ಸಿದ್ಧಾಂತದಲ್ಲಿ ಎಲೆಕ್ಟ್ರಾನ್ ಆ ಮೈನಸ್ ಶಕ್ತಿಯ ಸ್ಥಿತಿಗೆ ಜಾರಬಹುದು, ಅದಕ್ಕೇ ಬಿಡುವ ಹಾಗಿರಲಿಲ್ಲ ಅಂತಲೂ ಓದಿದೆ. ಜಾರಬಹುದು ಅಂತ ಹೇಳುವುದೂ ಗಣಿತವೇ ತಾನೇ? ಇಲ್ಲೇ ತಲೆ ಕೆಡುತ್ತಿದೆ.

ನನ್ನ ಪ್ರಶ್ನೆ ಇಷ್ಟು: ಪ್ರಯೋಗ ಮಾಡುವ ಮೊದಲೇ, ಯಾವ ಉತ್ತರ ಜಗತ್ತಿಗೆ ಸೇರಿದ್ದು, ಯಾವುದು ಸುಮ್ನೆ ಲೆಕ್ಕದಲ್ಲಿ ಬಂದದ್ದು ಅಂತ ಗುರುತಿಸಲು ಗಣಿತದ ಒಳಗೇ ಏನಾದರೂ ದಾರಿ ಇದೆಯಾ? ಇಲ್ಲ ಅಂದರೆ ಯಾಕಿಲ್ಲ? ಒಂದು ಉದಾಹರಣೆ ಕೊಟ್ಟು ಹೇಳಿ, ದಯವಿಟ್ಟು.