‘ಹಿಂದಿ ಹಳ್ಳಿಗೂ ಬಂತು’ – ಭೂಗೋಳ ಎಂ.ಎ. ಹಳೇ ಬ್ಯಾಚ್, ವಿಜಯಪುರ

ಈರಣ್ಣ: [ಫಾರ್ವರ್ಡ್ ಆದ ಚಿತ್ರ: ಜಿಲ್ಲಾವಾರು ಗ್ರಾಮೀಣ ಹಿಂದಿ ಭಾಷಿಕರು, 2011]
ನಮ್ಮ ಜಿಲ್ಲಾಕ್ಕ ಎಷ್ಟು ಗಾಢ ಬಣ್ಣ ಬಡದಾರ ನೋಡ್ರಿ. ಉತ್ತರದ ಮಂದಿ ಹಳ್ಳಿಗೆ ಯಾವಾಗ ಬಂದ್ರು?

ಶಶಿಕಲಾ: ಯಾರೂ ಬಂದಿಲ್ಲ ಈರಣ್ಣಾರ. ಅದು ತಾಂಡಾ, ಲಂಬಾಣಿಗರ ವಸ್ತಿ. ಜನಗಣತಿಯೊಳಗ ಲಮಾಣಿ, ಬಂಜಾರಿ ಎರಡೂ ಹಿಂದಿ ಗುಂಪಿನ ಕೆಳಗ ಬರ್ತಾವ. 2011ರಾಗ ಇಡೀ ದೇಶದಾಗ ಲಮಾಣಿ ಅಂತ ಬರಿಸಿದವ್ರು 32.77 ಲಕ್ಷ, ಬಂಜಾರಿ ಅಂತ 15.81 ಲಕ್ಷ. ಎಲ್ಲಾ ಹಿಂದಿ ಲೆಕ್ಕಕ್ಕ ಜಮಾ.

ಈರಣ್ಣ: ಸರಕಾರದ ಅಂಕಿನ ತಪ್ಪು ಅಂತೀರೇನು?

ಶಶಿಕಲಾ: ಅಂಕಿ ಸರಿ ಅದ, ಓದಿದ್ದು ತಪ್ಪು. ಜನಗಣತಿಯ ಮಾತೃಭಾಷೆ ಲೆಕ್ಕದ ಸಿ-16 ಕೋಷ್ಟಕ ತಗದು ಕೋಡ್ ಕಾಲಮ್ ನೋಡ್ರಿ. ಹಿಂದಿ 006000, ಕನ್ನಡ 007000. ಕೊನೀಗೆ ಮೂರು ಸೊನ್ನಿ ಇದ್ರ ಅದು ಗುಂಪಿನ ಮೊತ್ತ, ಅದರ ಕೆಳಗಿನವು ಒಂದೊಂದು ಮಾತೃಭಾಷೆ. ನಕಾಶೆ ಮಾಡಿದಾಂವ ಸೊನ್ನಿ ಸಾಲು ಎತ್ತಿ ಬಣ್ಣ ಹಚ್ಯಾನ. ಎರಡನ್ನೂ ಕೂಡಿಸಿದ್ರಂತೂ ಒಬ್ಬಾಂವನ್ನ ಎರಡು ಸಲ ಎಣಿಸಿದಂಗ.

ರಫೀಕ್: ಗ್ರಾಮೀಣ, ನಗರ ಕಾಲಮ್ ಜೋಡಿ ಇಟ್ಟು ನೋಡಿದ್ರೂ ತಿಳೀತದ. ಬಿಹಾರ, ಯುಪಿ ಕಡಿಂದ ಮಂದಿ ಬಂದ್ರ ಮೊದಲು ನಗರದ ಕಾಲಮ್ ಉಬ್ಬತದ. ಇಲ್ಲಿ ಹಳ್ಳೀದು ಉಬ್ಬಿದ್ರ ತಾಂಡಾ ನೆನಪಾಗಬೇಕು.

ಈರಣ್ಣ: ಲಂಬಾಣಿ ಮಾತು ರಾಜಸ್ಥಾನಿ ಬಳಗದ್ದೇ ಅಲ್ಲೇನ್ರಿ? ಹಿಂದಿ ಕೆಳಗ ಹಾಕಿದ್ರ ಏನ್ ಕೆಟ್ಟೋತು?

ಶಶಿಕಲಾ: ರಾಜಸ್ಥಾನಿನೇ ಹಿಂದಿ ಕೆಳಗ ಕುಂತದ! ಭೋಜಪುರಿ 5.06 ಕೋಟಿ, ಛತ್ತೀಸಗಢಿ 1.62 ಕೋಟಿ, ಎಲ್ಲಾ ಅಲ್ಲೇ. ಒಟ್ಟು ಹಿಂದಿ 52.83 ಕೋಟಿ, ದೇಶದ ಶೇ 43.6 ಅಂತಾರಲ್ಲ, ಅದರಾಗ ‘ಹಿಂದಿ’ ಅಂತನೇ ಬರಿಸಿದವ್ರು 32.22 ಕೋಟಿ. ಶೇ 27 ಆಗೂದಿಲ್ಲ.

ರಫೀಕ್: ಮೈಥಿಲಿ ನೋಡ್ರಿ. 1991ರ ತನಕ ಹಿಂದಿ ಕೆಳಗ ಇತ್ತು. 2003ರ 92ನೇ ತಿದ್ದುಪಡಿಯಿಂದ ಸಂವಿಧಾನದ ಎಂಟನೇ ಅನುಸೂಚಿಗೆ ಬಂತು, ಆಮ್ಯಾಲ ಹೊರಬಂದ 2001ರ ಗಣತಿ ಕೋಷ್ಟಕದಾಗ ಬ್ಯಾರೆ ಸಾಲು ಆತು. ಮೈಥಿಲಿ ಆಡೂ ಬಿಹಾರದ ದರಭಂಗಾದಾಗ ಯಾರೂ ಮಾತು ಬದಲು ಮಾಡಿರ್ಲಿಲ್ಲ.
ನಾವೂ ಸಾಚಾ ಅಲ್ರಿ ಮತ್ತ. ನೀಲಗಿರಿಯ ಬಡಗ ಮಾತು, 1.34 ಲಕ್ಷ ಮಂದಿ, ನಮ್ಮ 007000ದ ಹೊಟ್ಯಾಗ ಅದ.

ಗೋಪಾಲ: ಕೋಡ್ ಬಿಡ್ರಿ, ಎಣಿಕೆನೇ ಸೋರ್ತದ, ಅದನ್ನ ಯಾರೂ ಹೇಳವಲ್ರಿ. 2011ರ ಎಣಿಕೆ ನಡದದ್ದು ಫೆಬ್ರವರಿ 9ರಿಂದ 28. ಕಬ್ಬು ಕಡಿಯೂ ಹಂಗಾಮು. ಆ 20 ದಿನದಾಗ ಒಂದು ದಿನಾನೂ ಊರಾಗ ಇರದಾಂವನ್ನ ಇಲ್ಲಿ ಎಣಿಸೂದಿಲ್ಲ, ಎಲ್ಲಿ ಅದಾನೋ ಅಲ್ಲಿ ಎಣಿಸ್ತಾರ. ಗ್ಯಾಂಗಿನ ಜೋಡಿ ಸಾಂಗ್ಲಿ, ಕೊಲ್ಲಾಪುರಕ್ಕ ಹ್ವಾದ ಕುಟುಂಬ ಮಹಾರಾಷ್ಟ್ರದ ಲೆಕ್ಕ. ಗೋವಾದಾಗ ಕಟ್ಟಡ ಕೆಲಸಕ್ಕ ಹ್ವಾದವ್ರು ಗೋವಾ ಲೆಕ್ಕ. ಅಲ್ಲಿ ಗದ್ದಿಯೊಳಗಿನ ಗುಡಿಸಲಿಗೆ ಗಣತಿದಾರ ಬರಲಿಲ್ಲಂದ್ರ ಎರಡೂ ಕಡೆ ಇಲ್ಲ. ಹಿಂಗಾಗಿ ನಕಾಶೆದಾಗ ತಾಂಡಾ ಹಿಂದಿ ಆಗಿ ಕಾಣ್ತದ, ತಾಂಡಾ ಆಗಿ ಕಾಣೂದಿಲ್ಲ.

ಈರಣ್ಣ: ಆತು. ಲಮಾಣಿ, ಬಂಜಾರಿ ಸಾಲು ಅಷ್ಟೇ ಕೂಡಿಸಿ ತಾಲೂಕವಾರು ನಕಾಶೆ ನಾನೇ ಮಾಡ್ತೀನಿ.

ಶಶಿಕಲಾ: ಮಾಡ್ರಿ, ಆದ್ರ 2011ರ ಗಡಿನೇ ತಗೋರಿ. ಆಗ ಐದೇ ತಾಲೂಕ: ಬಿಜಾಪುರ, ಬಸವನ ಬಾಗೇವಾಡಿ, ಇಂಡಿ, ಮುದ್ದೇಬಿಹಾಳ, ಸಿಂದಗಿ. ಈಗಿನ ಗಡಿ ಹಾಕಿದ್ರ ತಾಳಿಕೋಟಿ, ಚಡಚಣ, ತಿಕೋಟಾ ಎಲ್ಲಾ ಬಿಳೇ ಬೀಳ್ತಾವ, ಆಮ್ಯಾಲ ‘ಅಲ್ಲಿ ಲಂಬಾಣಿಗರೇ ಇಲ್ಲ’ ಅಂತ ಇನ್ನೊಂದು ಫಾರ್ವರ್ಡ್ ಶುರು. ಹೆಸರಿನ ಮ್ಯಾಲ ಜೋಡಿಸಬ್ಯಾಡ್ರಿ, ಕೋಡಿನ ಮ್ಯಾಲ ಜೋಡಿಸ್ರಿ. ‘ವಿಜಯಪುರ’ ಅಂತ ಹುಡುಕಿದ್ರ ಆ ಕಡತದಾಗ ಸಿಗೂದಿಲ್ಲ, ಹೆಸರು ಬದಲಾದದ್ದು 2014ರಾಗ. ಮತ್ತ ಕೋಡ್ ಕಾಲಮ್ ಟೆಕ್ಸ್ಟ್ ಅಂತ ಇಡ್ರಿ. ಇಲ್ಲಾಂದ್ರ ಎಕ್ಸೆಲ್ ಮುಂದಿನ ಸೊನ್ನಿ ನುಂಗತದ, 006000 ಹೋಗಿ 6000 ಆಗ್ತದ, ಜೋಡಣೆ ಆಗೂದಿಲ್ಲ.

ಗೋಪಾಲ: ಶೀರ್ಷಿಕೆ ಏನ್ ಕೊಡ್ತೀರಿ? ನಮ್ಮ ಮಂದಿ ತಮ್ಮ ಮಾತಿಗೆ ಗೋರಬೋಲಿ ಅಂತಾರ. ಗಣತಿದಾರ ಹೇಳಿದ ಹೆಸರು ಹೇಳಿದಂಗ ಬರಕೋತಾನ. ಯಾವ ಸಾಲಿಗೆ ಸೇರಿಸೂದು ಆಮ್ಯಾಲ ಕಚೇರಿ ಕೈಯಾಗ. 2011ರಾಗ ಹಂಗ ಬಂದ ಹೆಸರು 19,569, ಸೋಸಿ ಉಳಿಸಿದ್ದು 1,369. ಮುಂದಿನ ಎಣಿಕೆ 2027ರ ಫೆಬ್ರವರಿ. ಮತ್ತ ಕಬ್ಬಿನ ಹಂಗಾಮ!

ಈರಣ್ಣ: ಈ ಚಿತ್ರ ಅಳಿಸ್ಲೇನು?

ಶಶಿಕಲಾ: ಇಲ್ಲಿ ಅಳಿಸ್ರಿ. ಇನ್ನೂ ಎಲ್ಲೆಲ್ಲಿ ಹಾಕೀರಿ?

ಈರಣ್ಣ: ನಾಕು ಗುಂಪಿಗೆ 🙏